ಕಿವುಡರ ಗುರು ಗ್ರಹಾಂ ಬೆಲ್

ಮುಂಬಯಿಯ ಲೋಕಲ್ ರೈಲು ನಿಲ್ದಾಣಗಳಲ್ಲಿ ಸಂಜೆಯ ವೇಳೆ ಕಣ್ಣಿಟ್ಟು ನೋಡಿದವರಿಗೆ ಈ ದೃಶ್ಯವು ಹೊಸದಲ್ಲ. ಈಚೆಯ ಪ್ಲಾಟ್‌ಫಾರ್ಮಿನ ಮೇಲೆ ಒಬ್ಬ ತರುಣ, ಆಚೆಯ ಪ್ಲಾಟ್‌ಫಾರ್ಮಿನ ಮೇಲೆ ಇನ್ನೊಬ್ಬ. ನಡುವೆ ಹಳಿಗಳು, ಗಾಡಿಗಳ ಗದ್ದಲ, ಧ್ವನಿವರ್ಧಕದ ಕೂಗು, ಜನಜಂಗುಳಿ. ಪಕ್ಕದಲ್ಲಿ ನಿಂತವರ ಮಾತೇ ನಮಗೆ ಸರಿಯಾಗಿ ಕೇಳಿಸದು. ಆದರೆ ಆ ಇಬ್ಬರು ತರುಣರು ನಗುನಗುತ್ತ ಸಂಭಾಷಿಸುತ್ತಿರುತ್ತಾರೆ. ಅವರ ಕೈಗಳೂ ಮುಖವೂ ಮಾತನಾಡುತ್ತಿರುತ್ತವೆ. ಅವರು ಕಿವುಡರು. ಗಾಡಿ ಬಂದು ಒಬ್ಬನನ್ನು ಕರೆದೊಯ್ದರೂ ಈಗ ಅವರ ಮಾತು ನಿಲ್ಲುವುದಿಲ್ಲ. ಅಂಗೈಯಗಲದ ಮೊಬೈಲನ್ನು ಮುಖದೆದುರು ಹಿಡಿದು, ಅದರ ಪರದೆಯಲ್ಲಿ ಕಾಣುವ ಗೆಳೆಯನೊಡನೆ ಉಳಿದ ಒಂದು ಕೈಯಿಂದಲೇ ಸಂಭಾಷಣೆಯನ್ನು ಮುಂದುವರಿಸುತ್ತಾರೆ.

ಈ ಮೊಬೈಲಿನ ಮೂಲಪುರುಷ ಟೆಲಿಫೋನು. ಟೆಲಿಫೋನಿನ ಜನಕನು ಅಲೆಕ್ಸಾಂಡರ್ ಗ್ರಹಾಂ ಬೆಲ್ ಎಂಬುದನ್ನು ಪ್ರಾಥಮಿಕ ಶಾಲೆಯ ಬಾಲಕರೂ ಬಲ್ಲರು. ಆದರೆ ಅವನು ವೃತ್ತಿಯಿಂದ ವಿದ್ಯುತ್ ಶಾಸ್ತ್ರಜ್ಞನಾಗಿರದೆ ಕಿವುಡ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯನಾಗಿದ್ದನೆಂಬುದನ್ನು ಬಲ್ಲವರು ಕಡಿಮೆ. ಅವನ ತಾಯಿಗೆ ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ಕೈಹಿಡಿದ ಮಡದಿಗೆ ಸ್ವಲ್ಪವೂ ಕೇಳಿಸುತ್ತಿರಲಿಲ್ಲ. ಕಿವುಡರ ಸೇವೆಯ ಮಧ್ಯದಲ್ಲಿ ಹುಟ್ಟಿದ ಆ ಯಂತ್ರವೇ ಮುಂದೆ ಕಿವುಡರನ್ನು ೮೮ ವರ್ಷಗಳ ಕಾಲ ಹೊರಬಾಗಿಲಲ್ಲಿ ನಿಲ್ಲಿಸಿತು. ಬೆಲ್ಲನ ಬಾಳಿನಲ್ಲಿ ಮಹತ್ತಾದ ಸಾಧನೆಯಿದೆ; ದೊಡ್ಡದೊಂದು ತಪ್ಪೂ ಇದೆ. ಎರಡನ್ನೂ ಬಲ್ಲವನೇ ಅವನನ್ನು ನಿಜವಾಗಿ ಬಲ್ಲವನು.

ಬೆಲ್ಲನು ಹುಟ್ಟಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ, ೧೮೪೭ನೆಯ ಇಸವಿ ಮಾರ್ಚ್ ೩ರಂದು. ತಾತನೂ ತಂದೆಯೂ ಉಚ್ಚಾರಣಶಾಸ್ತ್ರದ ಅಧ್ಯಾಪಕರು. ತೊದಲುವವರಿಗೆ ನಿರರ್ಗಳವಾಗಿ ಮಾತನಾಡಲು ಕಲಿಸುವುದು, ವಾಚನವನ್ನು ತಿದ್ದುವುದು ಆ ಮನೆತನದ ಕಸುಬು. ತಾಯಿ ಎಲೈಜಾ ಚಿತ್ರಕಲೆಯಲ್ಲಿಯೂ ಪಿಯಾನೋ ವಾದನದಲ್ಲಿಯೂ ಪರಿಣತೆ. ಆಕೆಯ ಕಿವಿಯ ಶಕ್ತಿ ವರ್ಷ ವರ್ಷಕ್ಕೆ ಕುಂದುತ್ತ ಬಂದಿತು. ಮಾತು ಕೇಳಲು ಆಕೆ ಕಿವಿಗೆ ಕೊಳವೆಯೊಂದನ್ನು ಹಿಡಿದುಕೊಳ್ಳುತ್ತಿದ್ದಳು. ಇತರರು ಆ ಕೊಳವೆಯೊಳಗೆ ಗಟ್ಟಿಯಾಗಿ ಕೂಗುತ್ತಿದ್ದರು. ಬಾಲಕ ಅಲೆಕ್ ಹಾಗೆ ಮಾಡಲಿಲ್ಲ. ತಾಯಿಯ ಹಣೆಯ ಹತ್ತಿರ ಬಾಯಿಟ್ಟು, ತಗ್ಗಿದ ಧ್ವನಿಯಲ್ಲಿ, ಒಂದೊಂದು ಶಬ್ದವನ್ನೂ ಬಿಡಿಸಿ ನುಡಿಯುತ್ತಿದ್ದನು. ಧ್ವನಿಯ ಕಂಪನವು ಮೂಳೆಯ ಮೂಲಕ ಒಳಕ್ಕೆ ಹೋಗಿ ತಾಯಿಗೆ ತಿಳಿಯುವುದೆಂದು ಅವನು ತಾನಾಗಿಯೇ ಕಂಡುಕೊಂಡಿದ್ದನು. ಬೆರಳುಗಳಿಂದ ಅಕ್ಷರಗಳನ್ನು ಸೂಚಿಸುವ ವಿದ್ಯೆಯನ್ನೂ ಕಲಿತನು. ಮನೆಗೆ ಅತಿಥಿಗಳು ಬಂದು ಹರಟೆ ನಡೆದಾಗ ತಾಯಿಯ ಮಗ್ಗುಲಲ್ಲಿ ಕುಳಿತು ಅವರ ಮಾತನ್ನೆಲ್ಲ ಸದ್ದಿಲ್ಲದೆ ಬೆರಳಿನಲ್ಲಿ ಆಕೆಗೆ ಹೇಳುತ್ತಿದ್ದನು. ಅವನು ಮೊದಲು ಕಟ್ಟಿದ ವಾರ್ತಾಯಂತ್ರ ಅವನ ಹತ್ತು ಬೆರಳುಗಳೇ ಎನ್ನಬೇಕು.

ಶಾಲೆಯ ಪಾಠದಲ್ಲಿ ಅವನು ಮುಂದಿರಲಿಲ್ಲ. ಆದರೆ ಕೈಯೂ ಕುತೂಹಲವೂ ಸುಮ್ಮನಿರುತ್ತಿರಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ನೆರೆಯವರ ಹಿಟ್ಟಿನ ಗಿರಣಿಗಾಗಿ ಗೋಧಿಯ ಹೊಟ್ಟು ಬಿಡಿಸುವ ಯಂತ್ರವೊಂದನ್ನು ರಚಿಸಿಕೊಟ್ಟನು. ತರುವಾಯ ಅಣ್ಣ ಮೆಲ್ವಿಲನೊಡನೆ ಸೇರಿ ಮಾತನಾಡುವ ಬೊಂಬೆಯೊಂದನ್ನು ಕಟ್ಟಿದನು. ಅದಕ್ಕೆ ಗಂಟಲು, ನಾಲಿಗೆ, ತುಟಿ ಎಲ್ಲವೂ ಇದ್ದವು. ಗಾಳಿಯನ್ನು ಊದಿ ತುಟಿಗಳನ್ನು ಚಲಿಸಿದರೆ ಅದು ಎಳೆಮಗುವಿನಂತೆ ಅಮ್ಮನನ್ನು ಕರೆಯುತ್ತಿತ್ತು. ಮನೆಯ ನಾಯಿಗೆ ಗುರುಗುಟ್ಟುವುದನ್ನು ಕಲಿಸಿ, ಅದರ ದವಡೆಯನ್ನು ಕೈಯಿಂದ ಒತ್ತಿ, ಅದು ಅಜ್ಜಿಯ ಕ್ಷೇಮಸಮಾಚಾರ ಕೇಳುವಂತೆ ಮಾಡಿದನೆಂಬ ಕಥೆಯೂ ಪ್ರಸಿದ್ಧವಾಗಿದೆ. ಇವು ಹುಡುಗಾಟವಾಗಿ ಕಂಡರೂ, ಮಾತು ಎಂಬುದು ಗಾಳಿಯ ಕಂಪನ, ಅದನ್ನು ಯಂತ್ರದಿಂದಲೂ ಹುಟ್ಟಿಸಬಹುದು ಎಂಬ ತಿಳಿವು ಹುಡುಗನ ಮನಸ್ಸಿನಲ್ಲಿ ಬೇರೂರಿದ್ದು ಇಲ್ಲಿಯೇ.

ಇತ್ತ ತಂದೆ ಮೆಲ್ವಿಲ್ ಬೆಲ್ಲನು ದೃಶ್ಯವಾಕ್ಕು ಎಂದು ಕರೆಯಬಹುದಾದ ಲಿಪಿಯೊಂದನ್ನು ರಚಿಸಿ ೧೮೬೭ರಲ್ಲಿ ಪ್ರಕಟಿಸಿದನು. ನಮ್ಮ ವರ್ಣಮಾಲೆಯನ್ನು ಕಲಿತವರಿಗೆ ಇದರ ತತ್ತ್ವ ಕಠಿಣವಲ್ಲ. ಕವರ್ಗವು ಕಂಠದಲ್ಲಿ, ಚವರ್ಗವು ತಾಲುವಿನಲ್ಲಿ, ತವರ್ಗವು ಹಲ್ಲಿನಲ್ಲಿ, ಪವರ್ಗವು ತುಟಿಯಲ್ಲಿ ಹುಟ್ಟುವುದೆಂದು ವಿಂಗಡಿಸಿ ನಮ್ಮ ಪೂರ್ವಿಕರು ಅಕ್ಷರಗಳನ್ನು ಸಾಲಾಗಿ ಜೋಡಿಸಿದ್ದಾರೆ. ಮೆಲ್ವಿಲ್ ಬೆಲ್ಲನಾದರೋ ನಾಲಿಗೆ, ತುಟಿ, ಕಂಠಗಳು ಇರಬೇಕಾದ ಸ್ಥಿತಿಯನ್ನು ಅಕ್ಷರದ ಆಕೃತಿಯಲ್ಲಿಯೇ ಚಿತ್ರಿಸಿ ತೋರಿಸಿದನು. ಚಿಹ್ನೆಯನ್ನು ನೋಡಿ ಬಾಯಿಯನ್ನು ಹಾಗೆಯೇ ಇರಿಸಿಕೊಂಡರೆ, ಎಂದೂ ಕೇಳದ ಶಬ್ದವೂ ಹೊರಡುವುದು. ಹಾಗಾದರೆ ಏನನ್ನೂ ಕೇಳಲಾರದ ಮಗುವಿಗೂ ಮಾತು ಕಲಿಸಬಹುದಲ್ಲವೆ? ೧೮೬೮ರಲ್ಲಿ ಲಂಡನ್ನಿನ ಸಣ್ಣ ಶಾಲೆಯೊಂದರಲ್ಲಿ ತರುಣ ಬೆಲ್ಲನು ಈ ಪ್ರಶ್ನೆಯನ್ನು ಪರೀಕ್ಷಿಸಿದನು. ಆ ಕಿವುಡ ಮಕ್ಕಳು ಕೆಲವೇ ದಿನಗಳಲ್ಲಿ ಹಲವು ಧ್ವನಿಗಳನ್ನು ಉಚ್ಚರಿಸತೊಡಗಿದರು. ಅಂದಿನಿಂದ ಅವನ ಬಾಳಿನ ದಾರಿ ನಿಶ್ಚಿತವಾಯಿತು.

ಅಷ್ಟರಲ್ಲಿ ಮನೆಯ ಮೇಲೆ ದುಃಖದ ಮೋಡ ಕವಿಯಿತು. ೧೮೬೭ರಲ್ಲಿ ತಮ್ಮ ಎಡ್ವರ್ಡನೂ ೧೮೭೦ರಲ್ಲಿ ಅಣ್ಣ ಮೆಲ್ವಿಲನೂ ಕ್ಷಯರೋಗಕ್ಕೆ ತುತ್ತಾದರು. ಉಳಿದ ಒಬ್ಬನೇ ಮಗನ ಆರೋಗ್ಯವೂ ಕ್ಷೀಣಿಸುತ್ತಿದ್ದುದನ್ನು ಕಂಡ ತಂದೆತಾಯಿಗಳು ಹುಟ್ಟೂರನ್ನು ತೊರೆದು, ಆ ವರ್ಷವೇ ಸಮುದ್ರವನ್ನು ದಾಟಿ, ಕೆನಡಾದ ಬ್ರಾಂಟ್‌ಫರ್ಡ್ ಎಂಬಲ್ಲಿ ನೆಲಸಿದರು. ಅಲ್ಲಿಯ ಬಯಲುಗಾಳಿಯಲ್ಲಿ ಮಗನು ಚೇತರಿಸಿಕೊಂಡನು. ೧೮೭೧ರಲ್ಲಿ ಅಮೆರಿಕದ ಬಾಸ್ಟನ್ ನಗರದ ಕಿವುಡರ ಶಾಲೆಯಿಂದ ಅವನಿಗೆ ಕರೆ ಬಂದಿತು.

ಬಾಸ್ಟನ್ನಿನಲ್ಲಿ ಬೆಲ್ಲನು ದಕ್ಷ ಉಪಾಧ್ಯಾಯನೆಂದು ಬೇಗನೆ ಹೆಸರಾದನು. ಮಕ್ಕಳ ಮೇಲೆ ಅವನು ಎಂದೂ ಸಿಡುಕುತ್ತಿರಲಿಲ್ಲ. ಜಾರ್ಜ್ ಸ್ಯಾಂಡರ್ಸ್ ಎಂಬ ಹುಡುಗನು ಹುಟ್ಟುಕಿವುಡ. ಬೆಲ್ಲನ ಬಳಿ ಪಾಠಕ್ಕೆ ಬಂದಾಗ ಅವನಿಗೆ ಐದು ವರ್ಷ. ಅವನಿಗಾಗಿ ಬೆಲ್ಲನು ಒಂದು ಕೈಗವಸಿನ ಮೇಲೆ ಇಂಗ್ಲಿಷ್ ಅಕ್ಷರಗಳನ್ನೆಲ್ಲ ಬರೆದನು. ಕವಸನ್ನು ಧರಿಸಿ, ಬೇಕಾದ ಅಕ್ಷರಗಳನ್ನು ಒಂದಾದ ಮೇಲೊಂದರಂತೆ ಮುಟ್ಟಿದರೆ ಶಬ್ದವಾಗುವುದು. ಗುಂಪಿನಲ್ಲಿಯೂ ದಾರಿಯಲ್ಲಿಯೂ ಗುರುಶಿಷ್ಯರು ಹೀಗೆಯೇ ಸಂಭಾಷಿಸುತ್ತಿದ್ದರು. ಇಂದು ಮೊಬೈಲಿನ ಗಾಜಿನ ಮೇಲೆ ಅಕ್ಷರಗಳನ್ನು ಮುಟ್ಟಿ ಮಾತು ಕಟ್ಟುವ ನಮಗೆ ಆ ಕೈಗವಸು ಎಷ್ಟು ಪರಿಚಿತವಾಗಿ ತೋರುತ್ತದೆ!

ಜಾರ್ಜನ ತಂದೆಯು ಚರ್ಮದ ವ್ಯಾಪಾರಿ. ಮಗನ ಗುರುವಿಗೆ ಅವನ ಮನೆಯವರು ಸೇಲಂ ಎಂಬ ಊರಿನಲ್ಲಿ ವಸತಿಯನ್ನು ಒದಗಿಸಿದರು. ಬೆಲ್ಲನು ಹಗಲೆಲ್ಲ ಪಾಠ ಹೇಳಿ, ರಾತ್ರಿಯೆಲ್ಲ ತಂತಿ, ಅಯಸ್ಕಾಂತ, ಬ್ಯಾಟರಿಗಳೊಡನೆ ಹೆಣಗುತ್ತಿದ್ದನು. ಒಂದೇ ತಂತಿಯ ಮೇಲೆ ಏಕಕಾಲದಲ್ಲಿ ಹಲವು ಟೆಲಿಗ್ರಾಂಗಳನ್ನು ಬೇರೆ ಬೇರೆ ಸ್ವರಗಳಲ್ಲಿ ಕಳುಹಿಸುವ ಉಪಾಯವನ್ನು ಆಗ ಅವನು ಹುಡುಕುತ್ತಿದ್ದನು. ಇನ್ನೊಬ್ಬ ವಿದ್ಯಾರ್ಥಿನಿ ಮೇಬಲ್ ಹಬ್ಬರ್ಡ್. ಐದನೆಯ ವಯಸ್ಸಿನಲ್ಲಿ ಸ್ಕಾರ್ಲೆಟ್ ಜ್ವರದಿಂದ ಕಿವಿ ಕಳೆದುಕೊಂಡ ಆಕೆ ಇತರರ ತುಟಿಯ ಚಲನೆಯನ್ನು ನೋಡಿಯೇ ಮಾತನ್ನು ಗ್ರಹಿಸಬಲ್ಲವಳಾಗಿದ್ದಳು. ಆಕೆಯ ತಂದೆ ಗಾರ್ಡಿನರ್ ಹಬ್ಬರ್ಡನು ವಕೀಲ. ಬೆಲ್ಲನ ಸಂಶೋಧನೆಗಳಿಗೆ ಹಣ ಕೊಟ್ಟವರು ಈ ಇಬ್ಬರು ಕಿವುಡ ಮಕ್ಕಳ ತಂದೆಯರೇ.

೧೮೭೪ನೆಯ ಇಸವಿಯ ಬೇಸಗೆಯಲ್ಲಿ ನಡೆದ ಒಂದು ಪ್ರಯೋಗವನ್ನು ಇಲ್ಲಿ ವಿವರವಾಗಿ ಹೇಳಬೇಕು. ಕಿವುಡ ಮಗುವಿಗೆ ತನ್ನ ಧ್ವನಿಯು ಸರಿಯಾಗಿ ಹೊರಟಿತೋ ಇಲ್ಲವೋ ತಿಳಿಯದು. ಧ್ವನಿಯ ರೂಪವನ್ನು ಕಣ್ಣಿಗೆ ಕಾಣುವಂತೆ ಬರೆದು ತೋರಿಸಿದರೆ, ಮಗುವು ಗುರುವಿನ ರೇಖೆಯನ್ನೂ ತನ್ನ ರೇಖೆಯನ್ನೂ ಹೋಲಿಸಿ ತಿದ್ದಿಕೊಳ್ಳಬಹುದೆಂದು ಬೆಲ್ಲನು ಯೋಚಿಸಿದನು. ಕರ್ಣವೈದ್ಯನಾಗಿದ್ದ ಸ್ನೇಹಿತ ಡಾಕ್ಟರ್ ಬ್ಲೇಕನು ಸತ್ತ ಮನುಷ್ಯನೊಬ್ಬನ ಕಿವಿಯ ಒಳಭಾಗವನ್ನು ಅವನಿಗೆ ತಂದುಕೊಟ್ಟನು. ಬೆಲ್ಲನು ಆ ಕಿವಿಯ ಪುಟ್ಟ ಮೂಳೆಗೆ ಒಣಹುಲ್ಲಿನ ಕಡ್ಡಿಯನ್ನು ಅಂಟಿಸಿ, ಅದರ ತುದಿಯು ಮಸಿ ಹಿಡಿದ ಗಾಜನ್ನು ಸೋಕುವಂತೆ ಇಟ್ಟನು. ಕಿವಿಯೊಳಕ್ಕೆ ಮಾತನಾಡಿದಾಗ ತಮಟೆ ಕಂಪಿಸಿತು, ಮೂಳೆ ಅಲುಗಿತು, ಕಡ್ಡಿಯು ಗಾಜಿನ ಮೇಲೆ ಅಲೆಅಲೆಯಾದ ಗೆರೆಯನ್ನು ಬರೆಯಿತು. ಮಾತು ಚಿತ್ರವಾಯಿತು!

ರಜೆಯಲ್ಲಿ ಬ್ರಾಂಟ್‌ಫರ್ಡಿನ ಮನೆಗೆ ಹೋದಾಗಲೂ ಅವನ ಚಿತ್ತವು ಆ ಕಿವಿಯಲ್ಲಿಯೇ ಇತ್ತು. ಕಾಗದದಷ್ಟು ತೆಳುವಾದ ಪೊರೆಯು ತನಗಿಂತ ಎಷ್ಟೋ ಭಾರವಾದ ಮೂಳೆಗಳನ್ನು ಅಲುಗಿಸುವುದಾದರೆ, ಅದಕ್ಕಿಂತ ದೊಡ್ಡ ಪೊರೆಯು ಕಬ್ಬಿಣದ ತುಂಡನ್ನು ಏಕೆ ಅಲುಗಿಸಬಾರದು? ಅಯಸ್ಕಾಂತದ ಮುಂದೆ ಕಬ್ಬಿಣವು ಅಲುಗಿದರೆ ತಂತಿಯಲ್ಲಿ ವಿದ್ಯುತ್ತು ಅದೇ ರೀತಿ ಏರಿಳಿಯುವುದು. ಆ ಏರಿಳಿತವು ತಂತಿಯ ಆಚೆಯ ತುದಿಯಲ್ಲಿ ಇನ್ನೊಂದು ಪೊರೆಯನ್ನು ಕಂಪಿಸಿದರೆ ಅಲ್ಲಿ ಮಾತು ಮತ್ತೆ ಹುಟ್ಟುವುದು. ಟೆಲಿಫೋನಿನ ತತ್ತ್ವವೆಲ್ಲ ಇಷ್ಟೇ. ಕಿವುಡ ಮಕ್ಕಳ ಕಣ್ಣಿಗಾಗಿ ಹೂಡಿದ ಪ್ರಯೋಗದಿಂದ ಕೇಳಬಲ್ಲವರ ಕಿವಿಗೆ ಟೆಲಿಫೋನು ಹುಟ್ಟಿಕೊಂಡಿತು.

ಮುಂದಿನ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಪಾಠಪುಸ್ತಕಗಳಲ್ಲಿ ಓದಿಯೇ ಇರುತ್ತಾರೆ. ಬೆಲ್ಲನಿಗೆ ತತ್ತ್ವ ಗೊತ್ತಿತ್ತು, ಕೈಚಳಕ ಸಾಲದು. ಅದನ್ನು ಒದಗಿಸಿದವನು ಥಾಮಸ್ ವಾಟ್ಸನ್ ಎಂಬ ತರುಣ ಕುಶಲಕರ್ಮಿ. ೧೮೭೫ರ ಜೂನ್ ೨ರಂದು ಯಂತ್ರದ ಉಕ್ಕಿನ ನಾಲಿಗೆಯೊಂದು ಸಿಕ್ಕಿಕೊಂಡಿತು. ವಾಟ್ಸನ್ನನು ಅದನ್ನು ಮೀಟಿ ಬಿಡಿಸಲೆತ್ನಿಸಿದಾಗ ಬೇರೆ ಕೋಣೆಯಲ್ಲಿದ್ದ ಬೆಲ್ಲನಿಗೆ ಆ ಮೀಟಿನ ನಾದವು ತಂತಿಯಲ್ಲಿ ಕೇಳಿಸಿತು. ಇತರರು ಅಲಕ್ಷಿಸಬಹುದಾಗಿದ್ದ ಆ ಸಣ್ಣ ಸದ್ದಿನ ಅರ್ಥವನ್ನು ಧ್ವನಿಶಾಸ್ತ್ರದಲ್ಲಿ ಪಳಗಿದ ಅವನ ಕಿವಿ ಕೂಡಲೆ ಹಿಡಿಯಿತು. ೧೮೭೬ರ ಫೆಬ್ರವರಿ ೧೪ರಂದು ಅವನ ಪರವಾಗಿ ಪೇಟೆಂಟಿಗೆ ಅರ್ಜಿ ಹೋಯಿತು. ಅದೇ ದಿನ ಎಲೈಷಾ ಗ್ರೇ ಎಂಬ ಇನ್ನೊಬ್ಬ ಸಂಶೋಧಕನೂ ಇಂಥದೇ ಯಂತ್ರದ ವಿಷಯವನ್ನು ಆ ಕಚೇರಿಗೆ ತಿಳಿಸಿದನು. ಈ ಕಾರಣದಿಂದ ಎದ್ದ ವಾದವು ಇಂದಿಗೂ ಪೂರ್ತಿಯಾಗಿ ತಣಿದಿಲ್ಲ. ಮಾರ್ಚ್ ೭ರಂದು ಪೇಟೆಂಟು ಬೆಲ್ಲನಿಗೆ ದೊರೆಯಿತು. ಮಾರ್ಚ್ ೧೦ರಂದು ಅವನು ಯಂತ್ರದೊಳಗೆ ಬಾಯಿಟ್ಟು ತನ್ನ ಬಳಿಗೆ ಬರುವಂತೆ ವಾಟ್ಸನ್ನನನ್ನು ಕರೆದನು. ಇನ್ನೊಂದು ಕೋಣೆಯಲ್ಲಿ ತಂತಿಯ ತುದಿಗೆ ಕಿವಿಗೊಟ್ಟಿದ್ದ ವಾಟ್ಸನ್ನನು ಒಂದೊಂದು ಶಬ್ದವನ್ನೂ ಕೇಳಿ ಓಡಿ ಬಂದನು.

ಆ ವರ್ಷ ಫಿಲಡೆಲ್ಫಿಯದಲ್ಲಿ ಅಮೆರಿಕದ ಸ್ವಾತಂತ್ರ್ಯದ ಶತಮಾನೋತ್ಸವದ ಪ್ರದರ್ಶನವು ನಡೆಯಿತು. ಶಾಲೆಯ ಪರೀಕ್ಷೆಗಳು ಹತ್ತಿರವಾಗಿದ್ದುದರಿಂದ ಬೆಲ್ಲನಿಗೆ ಹೋಗಲು ಮನಸ್ಸಿರಲಿಲ್ಲ. ಮೇಬಲ್ ಅವನನ್ನು ರೈಲು ನಿಲ್ದಾಣಕ್ಕೆ ಕರೆತಂದಳು. ಅವನು ಒಲ್ಲೆನೆಂದು ವಾದಿಸತೊಡಗಿದಾಗ ಆಕೆ ಮುಖವನ್ನು ಅತ್ತ ತಿರುಗಿಸಿಕೊಂಡಳಂತೆ! ತುಟಿ ಕಾಣದಿದ್ದರೆ ಆಕೆಗೆ ಮಾತು ಕೇಳಿಸುವುದೆಲ್ಲಿಂದ? ಬೇರೆ ದಾರಿ ಕಾಣದೆ ಬೆಲ್ಲನು ಗಾಡಿ ಹತ್ತಿದನು. ಪ್ರದರ್ಶನದಲ್ಲಿ ತೀರ್ಪುಗಾರರು ದಣಿದು ಹೊರಡುವುದರಲ್ಲಿದ್ದಾಗ, ಅವರೊಡನೆ ಬಂದಿದ್ದ ಬ್ರೆಜಿಲ್ ದೇಶದ ಚಕ್ರವರ್ತಿ ಎರಡನೆಯ ಪೆದ್ರೋ ಬೆಲ್ಲನ ಗುರುತು ಹಿಡಿದನು. ಹಿಂದೆ ಅವನು ಬಾಸ್ಟನ್ನಿನಲ್ಲಿ ಬೆಲ್ಲನು ಕಿವುಡ ಮಕ್ಕಳಿಗೆ ಪಾಠ ಹೇಳುವುದನ್ನು ನೋಡಿ ಮೆಚ್ಚಿದ್ದನು. ಚಕ್ರವರ್ತಿಯೇ ಟೆಲಿಫೋನನ್ನು ಕಿವಿಗೆ ಹಿಡಿದು ವಿಸ್ಮಿತನಾದ ಮೇಲೆ ಲೋಕವೆಲ್ಲ ಅತ್ತ ತಿರುಗಿತು. ಟೆಲಿಫೋನಿಗೆ ಕೀರ್ತಿ ಬಂದುದೂ ಹೀಗೆ ಕಿವುಡರ ಪಾಠಶಾಲೆಯ ಪುಣ್ಯದಿಂದಲೇ.

೧೮೭೭ರ ಜುಲೈ ೧೧ರಂದು ಬೆಲ್ಲನು ಮೇಬಲಳನ್ನು ವರಿಸಿದನು. ಅದಕ್ಕೆ ಎರಡು ದಿನ ಮೊದಲು ಬೆಲ್ ಟೆಲಿಫೋನ್ ಕಂಪನಿಯು ಸ್ಥಾಪಿತವಾಗಿತ್ತು. ತನ್ನ ಪಾಲಿಗೆ ಬಂದ ೧,೪೯೭ ಷೇರುಗಳಲ್ಲಿ ಹತ್ತನ್ನು ಮಾತ್ರ ಇಟ್ಟುಕೊಂಡು ಉಳಿದುದೆಲ್ಲವನ್ನೂ ಅವನು ಮದುವೆಯ ಉಡುಗೊರೆಯಾಗಿ ಮಡದಿಗೆ ಕೊಟ್ಟನು. ೧೮೮೨ರ ಹೊತ್ತಿಗೆ ನಮ್ಮ ಮುಂಬಯಿ, ಮದರಾಸು, ಕಲಕತ್ತೆಗಳಲ್ಲಿಯೂ ಟೆಲಿಫೋನು ನುಡಿಯತೊಡಗಿತ್ತು. ಆದರೆ ಆ ಸಂಪತ್ತಿಗೆ ಒಡತಿಯಾದ ಮೇಬಲಳಿಗೆ ಟೆಲಿಫೋನು ಮೂಕವಾದ ಮರದ ಪೆಟ್ಟಿಗೆಯಾಗಿಯೇ ಉಳಿಯಿತು.

೧೮೮೦ರಲ್ಲಿ ಫ್ರಾನ್ಸ್ ಸರಕಾರವು ವೋಲ್ಟಾ ಬಹುಮಾನದ ೫೦,೦೦೦ ಫ್ರಾಂಕುಗಳನ್ನು ಬೆಲ್ಲನಿಗೆ ಕೊಟ್ಟಿತು. ಅವನು ಆ ಹಣದಿಂದ ಪ್ರಯೋಗಶಾಲೆಯನ್ನು ಸ್ಥಾಪಿಸಿದನು. ಬೆಳಕಿನ ಕಿರಣದ ಮೇಲೆ ಮಾತನ್ನು ಸಾಗಿಸುವ ಯಂತ್ರವನ್ನು ರಚಿಸಿದನು. ಕಿವಿಯ ಶಕ್ತಿಯನ್ನು ಅಳೆಯುವ ಯಂತ್ರವನ್ನೂ ನಿರ್ಮಿಸಿದನು. ಇಂದು ಶಬ್ದದ ತೀವ್ರತೆಯನ್ನು ಅಳೆಯುವ ಡೆಸಿಬೆಲ್ ಎಂಬ ಮಾನದಲ್ಲಿ ಅವನ ಹೆಸರೇ ಅಡಗಿದೆ. ೧೮೮೭ರಲ್ಲಿ ಕಿವುಡರ ವಿಷಯದ ಜ್ಞಾನವನ್ನೆಲ್ಲ ಸಂಗ್ರಹಿಸಲು ವಾಷಿಂಗ್‌ಟನ್ನಿನಲ್ಲಿ ಒಂದು ಸಂಸ್ಥೆಯನ್ನು ತೆರೆದನು. ೧೮೮೬ರಲ್ಲಿ ಕಣ್ಣೂ ಕಿವಿಯೂ ಇಲ್ಲದ ಆರು ವರ್ಷದ ಹುಡುಗಿಯೊಬ್ಬಳನ್ನು ಅವಳ ತಂದೆ ಅವನ ಬಳಿಗೆ ಕರೆತಂದನು. ಅವನ ಸಲಹೆಯಂತೆ ಬಾಸ್ಟನ್ನಿನ ಅಂಧರ ಸಂಸ್ಥೆಗೆ ಬರೆದುದರಿಂದ ಆನ್ ಸುಲಿವನ್ ಎಂಬ ಗುರುವು ಅವಳಿಗೆ ದೊರೆತಳು. ಆ ಹುಡುಗಿಯೇ ಹೆಲೆನ್ ಕೆಲ್ಲರ್. ಮುಂದೆ ತನ್ನ ಆತ್ಮಕಥೆಯನ್ನು ಆಕೆ ಬೆಲ್ಲನಿಗೇ ಅರ್ಪಿಸಿದಳು.

ಇಷ್ಟೆಲ್ಲ ಒಳಿತನ್ನು ಮಾಡಿದವನು ತಪ್ಪಿದ್ದು ಎಲ್ಲಿ?

ಕಿವುಡರಿಗೆ ಕೈಯ ಸಂಜ್ಞೆಗಳಿಂದ ಕೂಡಿದ ತಮ್ಮದೇ ಆದ ಭಾಷೆಯಿದೆ. ಅದಕ್ಕೆ ವ್ಯಾಕರಣವಿದೆ, ವಿನೋದವಿದೆ. ಬೆಲ್ಲನಿಗೆ ಆ ಭಾಷೆ ಚೆನ್ನಾಗಿ ತಿಳಿದಿತ್ತು. ಆದರೆ ಕಿವುಡ ಮಕ್ಕಳು ಅದನ್ನು ಬಿಟ್ಟು, ಬಾಯಿಯಿಂದಲೇ ನುಡಿದು, ತುಟಿಯನ್ನು ನೋಡಿ ಗ್ರಹಿಸಿ, ಇತರರಲ್ಲಿ ಬೆರೆತುಹೋಗಬೇಕೆಂಬುದು ಅವನ ಹಟವಾಯಿತು. ಅವನ ಕಣ್ಣೆದುರಿಗಿದ್ದ ಆದರ್ಶ ಮೇಬಲ್. ಆಕೆಯಾದರೋ ಮಾತು ಕಲಿತ ಮೇಲೆ ಕಿವಿ ಕಳೆದುಕೊಂಡವಳು. ಹುಟ್ಟಿನಿಂದಲೇ ಒಂದು ಧ್ವನಿಯನ್ನೂ ಕೇಳದ ಮಗುವನ್ನು ಅದೇ ಅಳತೆಗೋಲಿನಿಂದ ಅಳೆದದ್ದು ಅವನ ತಪ್ಪು. ಕಿವುಡರು ಕಿವುಡರನ್ನೇ ವರಿಸಿದರೆ ಕಿವುಡರ ಪಂಗಡವೊಂದು ಬೆಳೆದೀತೆಂದು ೧೮೮೩ರಲ್ಲಿ ವಿದ್ವಾಂಸರ ಸಭೆಯಲ್ಲಿ ಅವನು ಪ್ರಬಂಧವನ್ನೋದಿದನು. ಕಾನೂನಿನಿಂದ ಅಂಥ ವಿವಾಹಗಳನ್ನು ತಡೆಯಬೇಕೆಂದು ಅವನು ಹೇಳಲಿಲ್ಲ. ಆದರೂ ಕಿವುಡರನ್ನು ಪರಸ್ಪರ ಬೇರೆಬೇರೆಯಾಗಿಡಬೇಕು, ಅವರ ಶಾಲೆಗಳಲ್ಲಿ ಸಂಜ್ಞಾಭಾಷೆಯೂ ಬೇಡ, ಕಿವುಡ ಉಪಾಧ್ಯಾಯರೂ ಬೇಡ ಎಂಬುದು ಅವನ ಅಭಿಪ್ರಾಯವಾಗಿತ್ತು. ಅವನ ಭಯಕ್ಕೆ ಆಧಾರ ಕಡಿಮೆ. ಕಿವುಡ ಮಕ್ಕಳಲ್ಲಿ ಹೆಚ್ಚಿನವರು ಕಿವಿ ಕೇಳುವ ತಂದೆತಾಯಿಗಳಿಗೇ ಹುಟ್ಟುತ್ತಾರೆ. ಕಿವುಡ ದಂಪತಿಗಳ ಮಕ್ಕಳಲ್ಲಿ ಹೆಚ್ಚಿನವರಿಗೆ ಕಿವಿ ಕೇಳಿಸುತ್ತದೆ.

ಈ ಸಂಶೋಧನೆಗಾಗಿ ಅವನು ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದ ಮನೆತನಗಳ ಚರಿತ್ರೆಯನ್ನು ಶೋಧಿಸಿದನು. ಆ ದ್ವೀಪದಲ್ಲಿ ಅನುವಂಶೀಯವಾದ ಕಿವುಡು ಹೆಚ್ಚು. ಆದ್ದರಿಂದ ಅಲ್ಲಿ ಕಿವಿ ಕೇಳುವವರೂ ಚಿಕ್ಕಂದಿನಿಂದಲೇ ಸಂಜ್ಞಾಭಾಷೆಯನ್ನು ಕಲಿತಿದ್ದರು. ಬೆಸ್ತರೂ ರೈತರೂ ಅಂಗಡಿಯವರೂ ಕೈಯಿಂದಲೇ ಮಾತನಾಡಬಲ್ಲವರಾಗಿದ್ದರು. ಬಹುಜನರು ಕೆಲವರ ಭಾಷೆಯನ್ನು ಕಲಿತರೆ ಕಿವುಡು ಒಂದು ಕುಂದಾಗಿ ಉಳಿಯುವುದಿಲ್ಲ ಎಂಬುದೇ ಆ ದ್ವೀಪದ ಪಾಠ. ವಂಶವೃಕ್ಷಗಳನ್ನು ಬರೆದುಕೊಳ್ಳುವುದರಲ್ಲಿ ಮಗ್ನನಾದ ಬೆಲ್ಲನು ಆ ಪಾಠವನ್ನು ಓದದೆ ಹೋದನು.

೧೮೮೦ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ್ದ ಕಿವುಡರ ಶಿಕ್ಷಕರ ಮಹಾಸಭೆಯು, ಬಾಯಿಮಾತಿನ ವಿಧಾನವೇ ಶ್ರೇಷ್ಠವೆಂದು ನಿರ್ಣಯಿಸಿತ್ತು. ಮತ ಕೊಟ್ಟವರು ಬಹುತೇಕ ಎಲ್ಲರೂ ಕಿವಿ ಕೇಳುವವರೇ. ಆ ನಿರ್ಣಯಕ್ಕೆ ಬೆಲ್ಲನ ಕೀರ್ತಿಯ ಬಲವೂ ಸೇರಿತು. ದೇಶದೇಶಗಳ ಶಾಲೆಗಳಿಂದ ಸಂಜ್ಞಾಭಾಷೆಗೆ ಬಹಿಷ್ಕಾರವಾಯಿತು. ಕಿವುಡ ಅಧ್ಯಾಪಕರು ಕೆಲಸ ಕಳೆದುಕೊಂಡರು. ನಮ್ಮ ದೇಶದಲ್ಲಿ ಕಿವುಡರ ಮೊದಲ ಶಾಲೆ ತೆರೆದದ್ದು ೧೮೮೫ರ ಸುಮಾರಿಗೆ, ಇದೇ ಮುಂಬಯಿಯ ಮಝಗಾಂವಿನಲ್ಲಿ. ಭಾರತದ ಶಾಲೆಗಳಲ್ಲಿಯೂ ದೀರ್ಘಕಾಲ ಬಾಯಿಮಾತಿನ ವಿಧಾನಕ್ಕೇ ಪ್ರಾಧಾನ್ಯವಿತ್ತು. ಮನೆಯಲ್ಲೊಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಎಂಬ ಊರಿನಲ್ಲಿ ಬೆಳೆಯುತ್ತಿರುವ ನಮ್ಮ ಕನ್ನಡ ಮಕ್ಕಳಿಗೆ ಈ ನೋವು ಅರ್ಥವಾಗದಿರದು. ಬೀದಿಯ ಭಾಷೆಯನ್ನು ಕಲಿಯುವುದು ಲಾಭವೇ. ಆದರೆ ಅದಕ್ಕಾಗಿ ತನ್ನ ಭಾಷೆಯನ್ನು ನುಡಿಯಬಾರದೆಂದು ಮಗುವಿನ ಕೈಗಳನ್ನು ಕಟ್ಟಿದರೆ ಅದು ಶಿಕ್ಷಣವಾಗುವುದಿಲ್ಲ, ಶಿಕ್ಷೆಯಾಗುತ್ತದೆ. ಮಿಲಾನಿನ ಆ ನಿರ್ಣಯದಿಂದಾದ ಹಾನಿಗಾಗಿ ಅದೇ ಮಹಾಸಭೆಯ ೨೦೧೦ರ ವ್ಯಾಂಕೂವರ್ ಅಧಿವೇಶನವು ವಿಷಾದವನ್ನು ವ್ಯಕ್ತಪಡಿಸಿತು. ಅಷ್ಟಕ್ಕೆ ೧೩೦ ವರ್ಷ ಬೇಕಾಯಿತು.

ಬೆಲ್ಲನ ಕೊನೆಯ ವರ್ಷಗಳು ಕೆನಡಾದ ಬ್ಯಾಡೆಕ್ ಎಂಬ ಊರಿನ ಸರೋವರದ ತೀರದಲ್ಲಿ ಕಳೆದವು. ವಿಮಾನಗಳನ್ನೂ ನೀರಿನ ಮೇಲೆ ಹಾರುವಂತೆ ಓಡುವ ದೋಣಿಗಳನ್ನೂ ಅವನು ಗೆಳೆಯರೊಡನೆ ನಿರ್ಮಿಸಿದನು. ತನ್ನ ಓದುವ ಕೋಣೆಯಲ್ಲಿ ಮಾತ್ರ ಟೆಲಿಫೋನನ್ನು ಇಡಗೊಡಲಿಲ್ಲ. ತನ್ನನ್ನು ಟೆಲಿಫೋನಿನ ಜನಕನೆಂಬುದಕ್ಕಿಂತ ಕಿವುಡರ ಉಪಾಧ್ಯಾಯನೆಂದೇ ಜನ ನೆನೆಯಬೇಕೆಂದು ಅವನು ಬಯಸುತ್ತಿದ್ದನು. ೧೯೨೨ರ ಆಗಸ್ಟ್ ೨ರಂದು ಆ ತೀರದ ಮನೆಯಲ್ಲಿಯೇ ಅವನು ಕೊನೆಯುಸಿರೆಳೆದನು. ಹಾಸಿಗೆಯ ಬಳಿ ಕುಳಿತಿದ್ದ ಮೇಬಲ್ ತನ್ನನ್ನು ಬಿಟ್ಟುಹೋಗಬಾರದೆಂದು ಬೇಡಿಕೊಂಡಳಂತೆ. ಅವನಿಗೆ ಆಗಲೇ ಮಾತು ನಿಂತಿತ್ತು. ಇಲ್ಲವೆಂಬ ಅರ್ಥದ ಸಂಜ್ಞೆಯನ್ನು ಬೆರಳುಗಳಿಂದ ಮಾಡಿ ಕಣ್ಣು ಮುಚ್ಚಿದನೆಂದು ಅವನ ಚರಿತ್ರೆಕಾರರು ಬರೆದಿದ್ದಾರೆ. ಶಾಲೆಗಳಿಂದ ಸಂಜ್ಞೆಯನ್ನು ಹೊರಗಟ್ಟಲು ಶ್ರಮಿಸಿದವನ ಕೊನೆಯ ಮಾತು ಸಂಜ್ಞೆಯಲ್ಲಿಯೇ ಮುಗಿಯಿತು. ಆಗಸ್ಟ್ ೪ರಂದು ಅಂತ್ಯಕ್ರಿಯೆ ನಡೆದಾಗ ಉತ್ತರ ಅಮೆರಿಕದ ಟೆಲಿಫೋನುಗಳೆಲ್ಲ ಒಂದು ನಿಮಿಷ ಮೌನ ವಹಿಸಿದವು. ಕಿವುಡರಿಗೆ ಮಾತ್ರ ಆ ಮೌನವು ಹೊಸದಾಗಿರಲಿಲ್ಲ.

ಆ ಮೌನವನ್ನು ಮುರಿದವರು ಕಿವುಡರೇ. ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಅಮೆರಿಕದ ಭೌತವಿಜ್ಞಾನಿ ಹುಟ್ಟುಕಿವುಡ. ಟೈಪ್ ಮಾಡಿದ ಅಕ್ಷರಗಳನ್ನು ಧ್ವನಿಯಾಗಿ ಮಾರ್ಪಡಿಸಿ, ಟೆಲಿಫೋನಿನ ಹಿಡಿಕೆಯ ಮೂಲಕ ಕಳುಹಿಸಿ, ಆಚೆಯ ತುದಿಯಲ್ಲಿ ಮರಳಿ ಅಕ್ಷರವಾಗಿಸುವ ಸಾಧನವನ್ನು ಅವನು ೧೯೬೪ರಲ್ಲಿ ರಚಿಸಿದನು. ದಂತವೈದ್ಯ ಜೇಮ್ಸ್ ಮಾರ್ಸ್ಟರ್ಸ್ ಮತ್ತು ಆಂಡ್ರೂ ಸ್ಯಾಕ್ಸ್ ಅವನಿಗೆ ನೆರವಾದರು, ಅವರೂ ಕಿವುಡರೇ. ಕಂಪನಿಗಳು ಹಳತೆಂದು ಬಿಸುಟಿದ್ದ ಮೇಜಿನಷ್ಟು ದೊಡ್ಡ ತಂತಿಟೈಪ್ ಯಂತ್ರಗಳನ್ನು ತಂದು ದುರಸ್ತಿ ಮಾಡಿ ಅವರು ಕಿವುಡರ ಮನೆಮನೆಗೆ ಮುಟ್ಟಿಸತೊಡಗಿದರು. ಕಿವುಡನೊಬ್ಬನು ಇನ್ನೊಬ್ಬ ಕಿವುಡನೊಡನೆ ಟೆಲಿಫೋನಿನಲ್ಲಿ ಸಂಭಾಷಿಸುವ ಕಾಲ ಕಡೆಗೂ ಬಂದಿತು.

೧೯೯೨ರ ಡಿಸೆಂಬರ್ ೩ರಂದು ಇಂಗ್ಲೆಂಡಿನಲ್ಲಿ ಮೊದಲನೆಯ ಎಸ್‌ಎಂಎಸ್ ಸಂದೇಶವು ಮೊಬೈಲಿಗೆ ಹೋಯಿತು. ಅದನ್ನು ಕಿವುಡರಿಗಾಗಿ ಯೋಜಿಸಿರಲಿಲ್ಲ. ಆದರೆ ಅದರ ಬೆಲೆಯನ್ನು ಚೆನ್ನಾಗಿ ಅರಿತವರಲ್ಲಿ ಕಿವುಡರೂ ಒಬ್ಬರು. ಜೇಬಿನಲ್ಲಿ ಅದುರುವ ಮೊಬೈಲು ಅವರ ಪಾಲಿಗೆ ಕರೆಗಂಟೆಯಾಯಿತು. ಆದರೂ ಬರೆದ ಇಂಗ್ಲಿಷ್ ಅವರಿಗೆ ಎರಡನೆಯ ಭಾಷೆ; ತಮ್ಮ ಕೈಯ ಭಾಷೆಯಲ್ಲಿ ಮಾತನಾಡಲು ಚಲಿಸುವ ಚಿತ್ರವೇ ಬೇಕು. ಆಗಿನ ಮೊಬೈಲ್ ಜಾಲಗಳು ಅಷ್ಟು ಭಾರವನ್ನು ಹೊರಲಾರದವು. ವಾಷಿಂಗ್‌ಟನ್ ವಿಶ್ವವಿದ್ಯಾಲಯದ ಈವ್ ರಿಸ್ಕಿನ್, ರಿಚರ್ಡ್ ಲ್ಯಾಡ್ನರ್ ಮೊದಲಾದವರು ಇದಕ್ಕೊಂದು ಯುಕ್ತಿಯನ್ನು ಕಂಡುಕೊಂಡರು. ಲ್ಯಾಡ್ನರರ ತಂದೆತಾಯಿಗಳಿಬ್ಬರೂ ಕಿವುಡರು. ಸಂಜ್ಞಾಭಾಷೆಯನ್ನಾಡುವವನ ಮುಖವನ್ನೂ ಕೈಗಳನ್ನೂ ಮಾತ್ರ ಸ್ಪಷ್ಟವಾಗಿ ಕಳುಹಿಸಿ, ಹಿಂದಿನ ಗೋಡೆ, ಬಟ್ಟೆಬರೆಗಳನ್ನು ಮಸುಕಾಗಿಯೇ ಬಿಟ್ಟರೆ ಚಿತ್ರದ ಭಾರ ಇಳಿಯುವುದು, ಅರ್ಥವು ಕೆಡುವುದಿಲ್ಲ. ೨೦೧೦ರ ಬೇಸಗೆಯಲ್ಲಿ ಕಿವುಡ ವಿದ್ಯಾರ್ಥಿಗಳು ಇಂತಹ ಮೊಬೈಲುಗಳನ್ನು ಬಳಸಿ ನೋಡಿದರು. ತರುವಾಯ ಜಾಲಗಳೇ ವೇಗವಾಗಿ, ಚಿತ್ರದ ಕರೆ ಸರ್ವರಿಗೂ ಸುಲಭವಾಯಿತು.

೨೦೧೯ರಲ್ಲಿ ಗೂಗಲ್ ಕಂಪನಿಯು, ಆಡಿದ ಮಾತನ್ನು ಆ ಕ್ಷಣವೇ ಅಕ್ಷರಗಳಾಗಿ ಪರದೆಯ ಮೇಲೆ ಮೂಡಿಸುವ ಸಾಧನವನ್ನು ಹೊರತಂದಿತು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ದಿಮಿತ್ರಿ ಕಾನೆವ್‌ಸ್ಕಿ ಬಾಲ್ಯದಲ್ಲಿಯೇ ಕಿವಿ ಕಳೆದುಕೊಂಡವರು. ನಮ್ಮ ಕನ್ನಡವನ್ನೂ ಅದು ಬರೆಯಬಲ್ಲದು. ನಮ್ಮ ದೇಶದಲ್ಲಿಯೂ ೨೦೧೫ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾಭಾಷೆಯ ಸಂಶೋಧನೆ ಮತ್ತು ಶಿಕ್ಷಣದ ಕೇಂದ್ರವು ಸ್ಥಾಪಿತವಾಗಿ, ೨೦೨೧ರ ಹೊತ್ತಿಗೆ ೧೦,೦೦೦ ಪದಗಳ ಸಂಜ್ಞಾಕೋಶವನ್ನು ಸಿದ್ಧಪಡಿಸಿತು.

ಸತ್ತವನ ಕಿವಿಯಿಂದ ಮಸಿಯ ಗಾಜಿನ ಮೇಲೆ ಮಾತಿನ ಗೆರೆಯನ್ನು ಬರೆಸಿದ ಬೆಲ್ಲನ ಕನಸು ಇಂದು ಮೊಬೈಲಿನ ಗಾಜಿನ ಮೇಲೆ ನನಸಾಗಿದೆ. ತಾಯಿಯ ಮಗ್ಗುಲಲ್ಲಿ ಕುಳಿತು ಬೆರಳುಗಳಿಂದ ನುಡಿಯುತ್ತಿದ್ದ ಬಾಲಕ ಅಲೆಕ್‌ನ ಭಾಷೆಯೂ ಅದೇ ಗಾಜಿನ ಮೇಲೆ ದೇಶದೇಶಗಳನ್ನು ದಾಟಿ ಹೋಗುತ್ತಿದೆ. ದೊಡ್ಡವನಾದ ಬೆಲ್ಲನು ಅವೆರಡರಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ತ್ಯಜಿಸಬೇಕೆಂದನು. ಕಿವುಡರಾದರೋ ಎರಡನ್ನೂ ಉಳಿಸಿಕೊಂಡರು. ಪರೋಪಕಾರವನ್ನು ಮಾಡಹೊರಟವನು, ಯಾರಿಗಾಗಿ ಮಾಡುವನೋ ಅವರನ್ನೇ ಮೊದಲು ಕೇಳಬೇಕು ಎಂಬುದು ಈ ಮಹಾಪುರುಷನ ಸಾಧನೆಯಿಂದಲೂ ಪ್ರಮಾದದಿಂದಲೂ ನಾವು ಕಲಿಯಬೇಕಾದ ಪಾಠ.

ಇನ್ನೊಮ್ಮೆ ರೈಲು ನಿಲ್ದಾಣದಲ್ಲಿ ಕೈಗಳಿಂದ ಮಾತನಾಡುವ ಗೆಳೆಯರು ಕಂಡಾಗ ಅವರನ್ನು ವಿಚಿತ್ರವೆಂಬಂತೆ ದಿಟ್ಟಿಸಬೇಡಿರಿ. ಸಾಧ್ಯವಾದರೆ ಅವರ ಭಾಷೆಯ ನಮಸ್ಕಾರವನ್ನು ಕಲಿತುಕೊಳ್ಳಿರಿ. ಅದನ್ನು ಕಲಿಯಲು ಬೇಕಾದ ಯಂತ್ರವು ನಿಮ್ಮ ಮನೆಯಲ್ಲಿಯೇ ಇದೆ. ಅದನ್ನು ನುಡಿಯಲು ಬೇಕಾದ ಬೆರಳುಗಳು ನಿಮ್ಮ ಕೈಯಲ್ಲಿಯೇ ಇವೆ.